ನೀಲಿ ಅಂಗಿಯ ಮೊದಲ ವರ್ಷ

ಭಾರತದ ಫುಟ್‌ಬಾಲ್ ಲೀಗ್ 2006–07ರಿಂದ 2012–13ರವರೆಗೆ, ಸತತ ಏಳು ವರ್ಷ, ಗೋವಾ ಬಿಟ್ಟು ಕದಲಲಿಲ್ಲ. ಡೆಂಪೊ ನಾಲ್ಕು ಸಲ, ಚರ್ಚಿಲ್ ಬ್ರದರ್ಸ್ ಎರಡು ಸಲ, ಸಾಲಗಾಂವ್ಕರ್ ಒಂದು ಸಲ ಗೆದ್ದವು. ಕೋಲ್ಕತ್ತದ ದೊಡ್ಡ ಕ್ಲಬ್‌ಗಳು ಲಕ್ಷಾಂತರ ಅಭಿಮಾನಿಗಳನ್ನು ಇಟ್ಟುಕೊಂಡೂ ನೋಡುತ್ತ ಕೂತಿದ್ದವು. ಈ ಓಟ ನಿಂತದ್ದು 2014ರ ಏಪ್ರಿಲ್ 21ರಂದು, ಅದೂ ಗೋವಾದ ನೆಲದಲ್ಲೇ. ಮಡಗಾಂವ್‌ನ ಫತೋರ್ಡಾ ಮೈದಾನದಲ್ಲಿ ಐದು ಬಾರಿಯ ಚಾಂಪಿಯನ್ ಡೆಂಪೊವನ್ನು 4–2 ಗೋಲುಗಳಿಂದ ಸೋಲಿಸಿ, ಇನ್ನೂ ಒಂದು ಪಂದ್ಯ ಬಾಕಿ ಇರುವಾಗಲೇ ಲೀಗ್ ಗೆದ್ದ ಬೆಂಗಳೂರು ಎಫ್‌ಸಿಗೆ ಅವತ್ತಿಗೆ ತುಂಬಿದ್ದು ಒಂಬತ್ತು ತಿಂಗಳು.

ಒಂಬತ್ತು ತಿಂಗಳ ಹಿಂದೆ ಆ ಕ್ಲಬ್‌ಗೆ ಹೆಸರಿರಲಿಲ್ಲ, ಲಾಂಛನ ಇರಲಿಲ್ಲ, ಅಂಗಿಯ ಬಣ್ಣವೂ ಯಾರಿಗೂ ಗೊತ್ತಿರಲಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಕನ್ನಡಿಗರಿಗೆ ಪರಿಚಿತವಾದ ಜೆಎಸ್‌ಡಬ್ಲ್ಯು ಸಮೂಹ ಆ ಲೀಗ್‌ಗೆ, ಅಂದರೆ ಐ–ಲೀಗ್‌ಗೆ ನೇರ ಪ್ರವೇಶದ ಹಕ್ಕು ಪಡೆದು 2013ರ ಜುಲೈ 20ರಂದು ಕ್ಲಬ್ಬನ್ನು ಶುರುಮಾಡಿತು. ಸೆಪ್ಟೆಂಬರ್ 22ಕ್ಕೆ ಮೊದಲ ಪಂದ್ಯ. ನಡುವೆ ಸಿಕ್ಕಿದ್ದು ಎರಡೇ ತಿಂಗಳು. ಅಷ್ಟರಲ್ಲಿ ಆಟಗಾರರನ್ನು ಹುಡುಕಬೇಕು, ಕರಾರು ಮಾಡಬೇಕು, ಒಬ್ಬರ ಮುಖ ಒಬ್ಬರು ನೋಡಿರದ ಹುಡುಗರನ್ನು ತಂಡವಾಗಿಸಬೇಕು. ಆ ಕೆಲಸವನ್ನು ಒಪ್ಪಿಕೊಂಡ ಮನುಷ್ಯನ ಬಗ್ಗೆಯೇ ನನಗೆ ಹೆಚ್ಚು ಹೇಳಬೇಕಾಗಿದೆ.

ಆಶ್ಲಿ ವೆಸ್ಟ್‌ವುಡ್. ಇಂಗ್ಲೆಂಡಿನವರು, ಬೆಂಗಳೂರಿಗೆ ಬಂದಾಗ ಮೂವತ್ತೇಳರ ಆಸುಪಾಸು. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಬೆಳೆದರೂ ಅಲ್ಲಿನ ಮೊದಲ ತಂಡದ ಅಂಗಿ ಅವರಿಗೆ ದಕ್ಕಲಿಲ್ಲ. ಕ್ರೂ, ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆನ್ಸ್‌ಡೇ ಎಂದು ಊರೂರು ಅಲೆದು ಡಿಫೆಂಡರ್ ಆಗಿ ಆಡಿದರು. ಫುಟ್‌ಬಾಲ್ ಗೊತ್ತಿದ್ದವರೂ ಅವರನ್ನು ಅದೇ ಹೆಸರಿನ, ಆಗ ಪ್ರೀಮಿಯರ್ ಲೀಗ್‌ನಲ್ಲಿದ್ದ ಇನ್ನೊಬ್ಬ ಆಟಗಾರನೆಂದು ತಿಳಿಯುವಷ್ಟು ಮರೆಯಲ್ಲಿದ್ದರು. ದೊಡ್ಡ ಹೆಸರಿನ ವಿದೇಶಿ ಕೋಚ್ ಬರುತ್ತಾರೆಂದು ಕಾದಿದ್ದ ನಗರಕ್ಕೆ ಹೀಗೆ ಒಬ್ಬರು ಬಂದಿಳಿದರು.

ಇಂಥವರೇ ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ತಾರೆಯಾಗಿ ಮೆರೆದವರಿಗೆ ಆಟ ಹುಟ್ಟಿನಿಂದ ಬಂದ ವರ. ಕೆಳ ಹಂತದ ಲೀಗ್‌ಗಳಲ್ಲಿ ವರ್ಷಗಟ್ಟಲೆ ಒಪ್ಪತ್ತಿನ ಕರಾರಿಗೆ ಆಡಿದವರಿಗೆ ಅದು ದಿನಾ ಮಾಡಬೇಕಾದ ಕೆಲಸ. ವೆಸ್ಟ್‌ವುಡ್ ಫುಟ್‌ಬಾಲನ್ನು ಕೆಲಸವಾಗಿಯೇ ಕಲಿಸಿದರು. ನಮ್ಮ ಹುಡುಗರಿಗೆ ಚೆಂಡಿನ ಮೇಲೆ ಹಿಡಿತವಿತ್ತು, ಕಾಲಿನಲ್ಲಿ ವೇಗವಿತ್ತು. ಎಪ್ಪತ್ತನೆಯ ನಿಮಿಷ ದಾಟಿದ ಮೇಲೆ ಅದೇ ವೇಗದಲ್ಲಿ ಓಡುವ ಉಸಿರು ಮಾತ್ರ ಇರಲಿಲ್ಲ. ಹಾಗಾಗಿ ಅವರು ಕೈ ಹಾಕಿದ್ದು ಮೊದಲಿಗೆ ಊಟದ ತಟ್ಟೆಗೆ. ಏನು ತಿನ್ನಬೇಕು, ಎಷ್ಟು ತಿನ್ನಬೇಕು, ಯಾವ ಹೊತ್ತಿಗೆ ಮಲಗಬೇಕು. ತೂಕ ಎಷ್ಟು, ಮೈಯಲ್ಲಿ ಕೊಬ್ಬು ಎಷ್ಟು. ಎಲ್ಲವೂ ಲೆಕ್ಕಕ್ಕೆ ಬಂತು. ಕರಿದದ್ದು, ಸಿಹಿ ಪಾನೀಯ ದೂರವಾದವು. ಅಭ್ಯಾಸಕ್ಕೆ ತಡವಾಗಿ ಬರುವುದನ್ನು ಅವರು ಸಹಿಸುತ್ತಿರಲಿಲ್ಲ. ಎದುರಾಳಿಯ ಹಳೆಯ ಪಂದ್ಯಗಳ ವಿಡಿಯೊ ಹಾಕಿ, ಅವರ ಯಾವ ಡಿಫೆಂಡರ್ ಯಾವ ಕಡೆ ತಿರುಗಲು ತಿಣುಕುತ್ತಾನೆ ಎಂಬುದನ್ನು ತಮ್ಮವರಿಗೆ ತೋರಿಸುತ್ತಿದ್ದರು.

ಇವತ್ತು ಇದೆಲ್ಲ ಯಾವ ಕ್ಲಬ್‌ನಲ್ಲೂ ಮಾಮೂಲು. 2013ರಲ್ಲಿ ಭಾರತದಲ್ಲಿ ಮಾಮೂಲಾಗಿರಲಿಲ್ಲ. ಕಾರ್ನರ್, ಫ್ರೀ ಕಿಕ್‌ಗಳನ್ನು ಅವರು ಬೇರೆಯದೇ ವಿದ್ಯೆ ಎಂಬಂತೆ ಅಭ್ಯಾಸ ಮಾಡಿಸಿದರು. ಚೆಂಡು ನಿಂತಿರುತ್ತದೆ, ಎದುರಾಳಿಯೂ ನಿಂತಿರುತ್ತಾನೆ. ಯಾರು ಎಲ್ಲಿಂದ ಓಡಬೇಕು, ಯಾರು ಅಡ್ಡ ನಿಲ್ಲಬೇಕು, ಯಾರು ಮೇಲೇಳಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡ ತಂಡಕ್ಕೆ ಅಲ್ಲಿ ಗೋಲು ಸಿಗುತ್ತದೆ. ಪ್ರತಿಭೆಯಲ್ಲಿ ತಮಗಿಂತ ಮೇಲಿದ್ದ ತಂಡಗಳ ವಿರುದ್ಧ ಬೆಂಗಳೂರು ಎಫ್‌ಸಿ ಅಂಕ ಕಸಿದದ್ದರ ಹಿಂದೆ ಈ ಬೇಸರ ತರಿಸುವಂಥ, ಮತ್ತೆ ಮತ್ತೆ ಮಾಡಿಸಿದ ತಾಲೀಮು ಇದೆ. ನೋಡುವವರಿಗೆ ಇದು ಚೆಂದವಲ್ಲ ಎಂದು ಆಗಲೂ ಕೆಲವರು ದೂರಿದರು. ನನಗೆ ಅದರಲ್ಲಿ ಒಂದು ಘನತೆ ಕಾಣುತ್ತದೆ.

ಗೋಲ್‌ಕೀಪರ್ ಪವನ್ ಕುಮಾರ್. ಅವರ ಮುಂದೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಆ ವರ್ಷದ ಬೆನ್ನುಮೂಳೆ ಇವರಿಬ್ಬರೇ. ಬದಿಗಳಲ್ಲಿ ರಿನೋ ಆಂಟೊ, ಕೀಗನ್ ಪೆರೇರ. ನಡುವೆ ಲೈಬೀರಿಯಾದ ಜಾನಿ ಮೆನ್ಯೊಂಗರ್. ಏಷ್ಯಾದ ಕೋಟಾದಲ್ಲಿ ಬಂದ ಆಸ್ಟ್ರೇಲಿಯಾದ ಶಾನ್ ರೂನಿ. ಮುಂದೆ ಎತ್ತರದ ರಾಬಿನ್ ಸಿಂಗ್, ಎಡಬದಿಯಿಂದ ಒಳನುಗ್ಗುವ ನಾಯಕ ಸುನಿಲ್ ಛೆಟ್ರಿ. ಜೊತೆಗೆ ಮಣಿಪುರ, ಮಿಜೋರಾಂ ಕಡೆಯ ಚುರುಕಾದ ಹುಡುಗರು.

ಛೆಟ್ರಿ ಅಷ್ಟು ಹೊತ್ತಿಗೆ ಅಲೆದು ದಣಿದಿದ್ದರು. ಕೋಲ್ಕತ್ತದ ಎರಡೂ ದೊಡ್ಡ ಕ್ಲಬ್, ಪಂಜಾಬಿನ ಜೆಸಿಟಿ, ಅಮೆರಿಕದ ಕಾನ್ಸಾಸ್ ಸಿಟಿ, ಪೋರ್ಚುಗಲ್‌ನ ಸ್ಪೋರ್ಟಿಂಗ್‌ನ ಎರಡನೆಯ ತಂಡ. 2009–10ರಲ್ಲಿ ಡೆಂಪೊ ಜೊತೆ, 2012–13ರಲ್ಲಿ ಚರ್ಚಿಲ್ ಬ್ರದರ್ಸ್ ಜೊತೆ ಲೀಗ್ ಗೆದ್ದಿದ್ದರು. ಇನ್ನೂ ಹುಟ್ಟಬೇಕಿದ್ದ ಕ್ಲಬ್‌ಗೆ ಬರುವ ಹಂಗು ಅವರಿಗಿರಲಿಲ್ಲ. ಬಂದರು, 14 ಗೋಲು ಹೊಡೆದರು, ಆ ಋತುವಿನ ಅತಿ ಹೆಚ್ಚು ಗೋಲು ಗಳಿಸಿದವರ ಸಾಲಿನಲ್ಲಿ ಇಬ್ಬರು ವಿದೇಶಿಯರ ಜೊತೆ ಸಮನಾಗಿ ನಿಂತರು. ಫತೋರ್ಡಾದಲ್ಲಿ ಅವರು ಸೋಲಿಸಿದ್ದು ತಮಗೆ ಮೊದಲ ಲೀಗ್ ಪ್ರಶಸ್ತಿ ಕೊಟ್ಟಿದ್ದ ಕ್ಲಬ್ಬನ್ನೇ.

ಆ ಪಯಣ ಸಲೀಸಾಗಿರಲಿಲ್ಲ. ಮೊದಲ ಪಂದ್ಯದಲ್ಲಿ ಮೋಹನ್ ಬಾಗನ್ ವಿರುದ್ಧ 1–1 ಸಮ; ಕ್ಲಬ್‌ನ ಚರಿತ್ರೆಯ ಮೊದಲ ಗೋಲು ರೂನಿಯದು. ಜನವರಿಯ ಫೆಡರೇಷನ್ ಕಪ್‌ನಲ್ಲಿ ಗುಂಪಿನ ಹಂತ ದಾಟಲಾಗಲಿಲ್ಲ. ಹದಿಮೂರು ತಂಡಗಳ ಲೀಗ್‌ನಲ್ಲಿ 24 ಪಂದ್ಯ ಆಡಿ 14 ಗೆದ್ದು, ಐದು ಸೋತು, ಐದು ಸಮ ಮಾಡಿಕೊಂಡು ಒಟ್ಟು 47 ಅಂಕ. ಎರಡನೆಯ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43. ಹೊಸದಾಗಿ ಬಂದ ವರ್ಷವೇ ಐ–ಲೀಗ್ ಗೆದ್ದ ಕ್ಲಬ್ ಅದಕ್ಕೆ ಮೊದಲು ಇರಲಿಲ್ಲ.

ಈ ಗೆಲುವು ಬೆಂಗಳೂರಿಗೆ ಯಾಕೆ ಅಷ್ಟು ದೊಡ್ಡದಾಯಿತು ಎಂಬುದನ್ನು ತಿಳಿಯಲು ದಂಡು ಪ್ರದೇಶದ ಗಲ್ಲಿಗಳಿಗೆ ಹೋಗಬೇಕು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಪಕ್ಕದ ಗೌತಮಪುರ. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಬ್ರಿಟಿಷ್ ಸಿಪಾಯಿಗಳು ಆಡುವುದನ್ನು ನೋಡಿ ಇಲ್ಲಿನ ಮಕ್ಕಳು ಬರಿಗಾಲಲ್ಲಿ ಕಲಿತ ಆಟ ಇದು. 1937ರಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ, ಅಲ್ಲಿಯವರೆಗೆ ಗೋರಾ ಪಡೆಗಳ ಸ್ವತ್ತಾಗಿದ್ದ ರೋವರ್ಸ್ ಕಪ್ ಗೆದ್ದು ತಂದಿತು. ಮರುವರ್ಷ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತು, ಕೊನೆಯದು 1968–69ರಲ್ಲಿ.

ಆಮೇಲಿನದು ಕಾರ್ಖಾನೆಗಳ ಕಾಲ. ಐಟಿಐ, ಎಚ್‌ಎಎಲ್, ಬಿಇಎಂಎಲ್; ಜೊತೆಗೆ ಸೇನೆಯ ಎಂಇಜಿ. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸ, ಮನೆಗೆ ಸಂಬಳ, ಸಂಜೆ ಮೈದಾನ. ಹಳಬರ ಮಾತಿನಲ್ಲಿ ಈಗಲೂ ಕ್ಲಬ್‌ನ ಹೆಸರಿಗಿಂತ ಮೊದಲು ಕಂಪನಿಯ ಹೆಸರು ಬರುತ್ತದೆ. ಕಾರ್ಖಾನೆಗಳು ಆಟಗಾರರನ್ನು ಸೇರಿಸಿಕೊಳ್ಳುವುದು ಕಡಿಮೆಯಾದಂತೆ ಆ ನೆಲೆ ಕುಸಿಯಿತು. ಎಚ್‌ಎಎಲ್ ಐ–ಲೀಗ್‌ವರೆಗೂ ಹೋಗಿ 2011–12ರ ಕೊನೆಗೆ ಕೆಳಗಿಳಿಯಿತು. ಚೆನ್ನಾಗಿ ಆಡಿದವನು ಕೋಲ್ಕತ್ತಕ್ಕೋ ಗೋವಾಕ್ಕೋ ಗಂಟುಮೂಟೆ ಕಟ್ಟಬೇಕು, ಇಲ್ಲವೇ ಆಟ ಬಿಡಬೇಕು. ಇಷ್ಟು ದಶಕ ಬೇರೆ ಊರುಗಳಿಗೆ ಆಟಗಾರರನ್ನು ಕೊಟ್ಟ ನಗರಕ್ಕೆ, ತನ್ನದೆಂದು ಕರೆಯಬಹುದಾದ ತಂಡ ಇರಲಿಲ್ಲ.

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ತುಂಬಿದ್ದು ಈ ಹಸಿವಿನಿಂದ. ಮೇಯೊ ಹಾಲ್‌ನಿಂದ ನಡೆದು ಹೋಗುವಷ್ಟು ದೂರದ, ಕೃತಕ ಹುಲ್ಲಿನ, ಸಣ್ಣ, ಹಳೆಯ ಕ್ರೀಡಾಂಗಣ ಅದು. ಪಿಚ್‌ಗೂ ಪ್ರೇಕ್ಷಕರಿಗೂ ನಡುವೆ ಓಟದ ಟ್ರ್ಯಾಕ್ ಇಲ್ಲ. ಆಟಗಾರನ ಏದುಸಿರು, ಕೋಚ್‌ನ ಬೈಗುಳ ಕೇಳುವಷ್ಟು ಹತ್ತಿರ. ಪಶ್ಚಿಮದ ಸ್ಟ್ಯಾಂಡ್‌ನಲ್ಲಿ ಕಾಲೇಜು ಹುಡುಗರು, ಐಟಿ ಕಂಪನಿಯವರು, ದಂಡಿನ ಹಳೆಯ ಫುಟ್‌ಬಾಲ್ ಕುಟುಂಬದವರು ಒಟ್ಟಿಗೆ ಸೇರತೊಡಗಿದರು. ಆ ಸ್ಟ್ಯಾಂಡೇ ಅವರಿಗೆ ಹೆಸರು ಕೊಟ್ಟಿತು: ವೆಸ್ಟ್ ಬ್ಲಾಕ್ ಬ್ಲೂಸ್. ತೊಂಬತ್ತು ನಿಮಿಷವೂ ನಿಂತೇ ಇರುವುದು, ಹಾಡುವುದು, ಡ್ರಮ್ ಬಾರಿಸುವುದು, ತಂಡ ಸೋಲುತ್ತಿದ್ದಾಗ ದನಿ ಇನ್ನೂ ಏರಿಸುವುದು ಅವರ ಪದ್ಧತಿ. ಅಲ್ಲಿಯವರೆಗೆ ಟೀವಿಯಲ್ಲಿ ಇಂಗ್ಲೆಂಡಿನ ಕ್ಲಬ್‌ಗಳಿಗೆ ಮಧ್ಯರಾತ್ರಿ ಜೈಕಾರ ಹಾಕುತ್ತಿದ್ದ ಹುಡುಗನಿಗೆ ತನ್ನ ಊರಿನ ಹೆಸರು ಹಿಡಿದು ಕೂಗಲು ಒಂದು ಜಾಗ ಸಿಕ್ಕಿತು. ಪಂದ್ಯ ಮುಗಿದ ಮೇಲೆ ಆಟಗಾರರು ಆ ಸ್ಟ್ಯಾಂಡ್‌ನ ಮುಂದೆ ಬಂದು ಚಪ್ಪಾಳೆ ತಟ್ಟಿ ಹೋಗುವುದು ರೂಢಿಯಾಯಿತು. ಕೋಲ್ಕತ್ತದ ಅಭಿಮಾನಕ್ಕೆ ನೂರು ವರ್ಷದ ಬೇರು. ಇಲ್ಲಿ ಒಂದೇ ಋತುವಿನಲ್ಲಿ ಇಷ್ಟು ಕಟ್ಟಿಕೊಂಡದ್ದು, ನನ್ನ ಮಟ್ಟಿಗೆ, ಟ್ರೋಫಿಗಿಂತ ಕಡಿಮೆ ಸಾಧನೆಯಲ್ಲ.

ಮುಂದಿನದನ್ನು ಬೇಗ ಹೇಳಬಹುದು. 2015ರ ಆರಂಭದಲ್ಲಿ ಫೆಡರೇಷನ್ ಕಪ್. 2015–16ರಲ್ಲಿ ಎರಡನೆಯ ಐ–ಲೀಗ್. ಅದರ ಬೆನ್ನಿಗೇ ವೆಸ್ಟ್‌ವುಡ್ ಹೊರಟುಹೋದರು, ಸ್ಪೇನಿನ ಆಲ್ಬರ್ಟ್ ರೋಕಾ ಬಂದರು, 2016ರ ನವೆಂಬರ್‌ನಲ್ಲಿ ತಂಡ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿ ಇರಾಕಿನ ವಾಯುಪಡೆಯ ಕ್ಲಬ್‌ಗೆ 1–0 ಅಂತರದಲ್ಲಿ ಸೋತಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿತು, 2018–19ರಲ್ಲಿ ಅದನ್ನೂ ಗೆದ್ದಿತು. ಪಂದ್ಯಗಳು ಅಶೋಕನಗರದಿಂದ ಕಂಠೀರವಕ್ಕೆ ಸಾಗಿದವು. ಅಲ್ಲಿ ಜಾಗ ದೊಡ್ಡದು; ಆದರೆ ಪಿಚ್ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ, ಆ ಮೊದಲ ವರ್ಷದ ಸಾಮೀಪ್ಯ ಇಲ್ಲ.

ಆ ಋತುವಿನಲ್ಲಿ ಬೆಂಗಳೂರಿನ ಎದುರು ಆಡಿದವರ ಪಟ್ಟಿ ಈಗ ಓದಿದರೆ ಸಂಕಟವಾಗುತ್ತದೆ. ಪುಣೆ ಎಫ್‌ಸಿ ಮುಚ್ಚಿತು. ಮುಂಬೈ ಎಫ್‌ಸಿ ಮುಚ್ಚಿತು. ಡೆಂಪೊ, ಸಾಲಗಾಂವ್ಕರ್, ಸ್ಪೋರ್ಟಿಂಗ್ ಗೋವಾ ಮೂರೂ 2016ರಲ್ಲಿ ಐ–ಲೀಗ್‌ನಿಂದ ಹೊರನಡೆದವು. ಆ ಲೀಗ್ ಕೂಡ ಎರಡನೆಯ ದರ್ಜೆಗೆ ಇಳಿಯಿತು. ಬೆಂಗಳೂರು ಎಫ್‌ಸಿಯ ಕತೆಯೂ ಸುರಕ್ಷಿತವಲ್ಲ ಎಂದು 2025ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಐಎಸ್‌ಎಲ್‌ನ ಮುಂದಿನ ಋತು ನಡೆಯುತ್ತದೋ ಇಲ್ಲವೋ ಎಂಬ ಗೊಂದಲದ ನಡುವೆ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಕ್ಲಬ್ ಪ್ರಕಟಿಸಿತು. ಆಟಗಾರನ ತಟ್ಟೆಯಲ್ಲಿ ಏನಿರಬೇಕು ಎಂಬುದನ್ನೂ ಬಿಡದೆ ಗಮನಿಸಿ ಬೆಳೆಸಿದ ಕ್ಲಬ್‌ನಲ್ಲಿ ಇಂಥ ದಿನ ಬಂದದ್ದು ಫುಟ್‌ಬಾಲ್ ಪ್ರೀತಿಸುವ ಯಾರಿಗೂ ನೋವಿನ ಸುದ್ದಿ.

ವೆಸ್ಟ್‌ವುಡ್ ಮಾತ್ರ ಅದೇ ಕೆಲಸವನ್ನು ಬೇರೆ ಕಡೆ ಮುಂದುವರಿಸಿದರು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಭಾರತವನ್ನು 2–1ರಿಂದ ಸೋಲಿಸಿದ ಅಫ್ಘಾನಿಸ್ತಾನದ ಕೋಚ್ ಅವರು. ಅವತ್ತು ಛೆಟ್ರಿಗೆ ದೇಶದ ಪರ 150ನೆಯ ಪಂದ್ಯ. ಭಾರತದ ಏಕೈಕ ಗೋಲು ಅವರದೇ ಪೆನಾಲ್ಟಿ. 2025ರ ಜೂನ್ 10ರಂದು ಭಾರತವನ್ನು 1–0ರಿಂದ ಸೋಲಿಸಿದ ಹಾಂಗ್‌ಕಾಂಗ್ ತಂಡದ ಕೋಚ್ ಕೂಡ ಅವರೇ. ನಮ್ಮ ಆಟಗಾರರ ಬಲ, ದೌರ್ಬಲ್ಯ ಅವರಷ್ಟು ತಿಳಿದ ಹೊರಗಿನವರು ಇನ್ನೊಬ್ಬರಿರಲಾರರು. ಆ ತಿಳಿವಳಿಕೆ ನಮ್ಮ ಪಾಳೆಯದಲ್ಲಿ ಉಳಿಯಲಿಲ್ಲ.

ಕರ್ನಾಟಕಕ್ಕೆ ಸಂತೋಷ್ ಟ್ರೋಫಿ ಮರಳಿ ಬಂದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ಐವತ್ನಾಲ್ಕು ವರ್ಷ ಕಾದ ಮೇಲೆ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಬೆಂಗಳೂರು ಎಫ್‌ಸಿಯ ಅಕಾಡೆಮಿ ಇದೆ. ಅಶೋಕನಗರದ ಸ್ಟೇಡಿಯಂನಲ್ಲಿ ನಗರದ ಸೂಪರ್ ಡಿವಿಷನ್ ಪಂದ್ಯಗಳು ನಡೆಯುತ್ತವೆ, ನೋಡಲು ಬರುವವರು ಬೆರಳೆಣಿಕೆಯಷ್ಟು. 2014ರಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೀಲಿ ಬಾವುಟ ಬೀಸಿದ ಮಕ್ಕಳಿಗೆ ಈಗ ಲೀಗ್ ಆಡುವ ಪ್ರಾಯ. ಅವರಲ್ಲಿ ಒಬ್ಬರಾದರೂ ಆಸ್ಟಿನ್ ಟೌನ್‌ನಿಂದ, ಗೌತಮಪುರದಿಂದ ಬಂದು, ಬೇರೆ ಊರಿಗೆ ಗಂಟು ಕಟ್ಟದೆ, ಇಲ್ಲೇ ಸಂಬಳ ಪಡೆದು ಇಲ್ಲೇ ಆಡುವುದನ್ನು ನೋಡುವ ಆಸೆ ನನಗಿನ್ನೂ ಇದೆ.