ನಿಧಾನವಾಗಿ ಬಿಡುಗಡೆಯಾಗುವ ನಯಾಸಿನ್ ಮತ್ತು ಯಕೃತ್ತು

ಬಿ ವರ್ಗದ ಅನ್ನಾಂಗಗಳಲ್ಲೊಂದಾದ ನಯಾಸಿನ್, ಅಂದರೆ ನಿಕೋಟಿನಿಕ್ ಆಮ್ಲ, ಶರೀರಕ್ಕೆ ನಿತ್ಯವೂ ಬೇಕಾದ ವಸ್ತು. 1937ರಲ್ಲಿ ಎಲ್ವೆಹೆಮ್ ಮತ್ತು ಅವರ ಸಹೋದ್ಯೋಗಿಗಳು ಇದರಿಂದ ನಾಯಿಗಳ ಕಪ್ಪುನಾಲಗೆ ರೋಗವನ್ನು ಗುಣಪಡಿಸಿದರು. ಮನುಷ್ಯರ ಪೆಲಾಗ್ರ ರೋಗಕ್ಕೆ ಮದ್ದು ದೊರೆತದ್ದು ಇದರಿಂದಲೇ. ಜೋಳವನ್ನೇ ನೆಚ್ಚಿದ್ದ ದಖ್ಖನಿನ ಬಡಜನರಲ್ಲಿಯೂ ಆ ರೋಗವು ಕಂಡುಬಂದಿತ್ತು. ಅದನ್ನು ತಡೆಯಲು ಬೇಕಾದುದು ಅತ್ಯಲ್ಪ: ಅಮೆರಿಕದ ಪ್ರಮಾಣಪಟ್ಟಿಯಂತೆ ವಯಸ್ಕ ಪುರುಷನಿಗೆ ದಿನಕ್ಕೆ 16 ಮಿಲಿಗ್ರಾಂ, ಸ್ತ್ರೀಗೆ 14 ಮಿಲಿಗ್ರಾಂ.

1955ರಲ್ಲಿ ಕೆನಡಾದ ಆಲ್ಟ್‌ಷುಲ್, ಹಾಫರ್ ಮತ್ತು ಸ್ಟೀಫನ್ ಎಂಬವರು, ಇದೇ ವಸ್ತುವನ್ನು ಗ್ರಾಂಗಟ್ಟಲೆ ಸೇವಿಸಿದಾಗ ರಕ್ತದ ಕೊಲೆಸ್ಟರಾಲ್ ಇಳಿಯುವುದೆಂದು ತೋರಿಸಿದರು. ದಿನಕ್ಕೆ 3000 ಮಿಲಿಗ್ರಾಂ ಎಂದರೆ ನಿತ್ಯದ ಅವಶ್ಯಕತೆಯ ಸುಮಾರು ಇನ್ನೂರು ಪಟ್ಟು. ಆ ಪ್ರಮಾಣದಲ್ಲಿ ನಯಾಸಿನ್ ಆಹಾರಾಂಶವಾಗಿ ಉಳಿಯದೆ ಔಷಧವಾಗುತ್ತದೆಂಬುದನ್ನು ನಾವು ಮೊದಲು ಮನಗಾಣಬೇಕು.

ಸಾಮಾನ್ಯ ಗುಳಿಗೆಯನ್ನು ಹೀಗೆ ಸೇವಿಸಿದ ಕೆಲವೇ ಹೊತ್ತಿನಲ್ಲಿ ಮುಖ ಕತ್ತುಗಳು ಕೆಂಪೇರಿ ಉರಿಯುತ್ತವೆ. ಚರ್ಮದಲ್ಲಿ ಉತ್ಪನ್ನವಾಗುವ ಪ್ರೋಸ್ಟಗ್ಲಾಂಡಿನ್‌ಗಳು ರಕ್ತನಾಳಗಳನ್ನು ಹಿಗ್ಗಿಸುವುದೇ ಇದಕ್ಕೆ ಕಾರಣ. ಈ ಉಪದ್ರವವನ್ನು ತಗ್ಗಿಸಲೆಂದೇ ನಿಧಾನವಾಗಿ ಕರಗುವ ಗುಳಿಗೆಗಳು ಬಂದವು. ನಿಧಾನವಾದುದು ಸೌಮ್ಯವೂ ಆಗಿರಬೇಕೆಂದು ನಾವು ಸಹಜವಾಗಿ ಊಹಿಸುತ್ತೇವೆ. ಆದರೆ ಈ ಊಹೆಯು ಸರಿಯಲ್ಲ.

ಯಕೃತ್ತು ನಯಾಸಿನ್ನನ್ನು ಎರಡು ಮಾರ್ಗಗಳಲ್ಲಿ ಪರಿವರ್ತಿಸುತ್ತದೆ. ಒಂದರಲ್ಲಿ ಅದು ಗ್ಲೈಸೀನಿನೊಡನೆ ಕೂಡಿ ವಿಸರ್ಜಿತವಾಗುತ್ತದೆ; ಈ ಮಾರ್ಗವು ವಿಶಾಲವಾದುದು, ಮುಖ ಕೆಂಪೇರುವಿಕೆಗೆ ಸಂಬಂಧಿಸಿದುದು. ಇನ್ನೊಂದು ನಿಕೋಟಿನಮೈಡ್ ಮೊದಲಾದವುಗಳನ್ನು ಉಂಟುಮಾಡುವ ಇಕ್ಕಟ್ಟಾದ ಮಾರ್ಗ. ಯಕೃತ್ತಿನ ಹಾನಿಯನ್ನು ಇದಕ್ಕೆ ಸಂಬಂಧಿಸಿ ಹೇಳುತ್ತಾರೆ. ಸಾಮಾನ್ಯ ಗುಳಿಗೆಯು ಒಮ್ಮೆಗೇ ಕರಗಿದಾಗ ಇಕ್ಕಟ್ಟಿನ ಮಾರ್ಗವು ಬೇಗನೆ ತುಂಬಿ, ಉಳಿದುದು ವಿಶಾಲ ಮಾರ್ಗಕ್ಕೆ ಹರಿಯುತ್ತದೆ. ನಿಧಾನವಾಗಿ ಒದಗಿದಾಗಲಾದರೋ ಬಹುಭಾಗವು ಇಕ್ಕಟ್ಟಿನ ಮಾರ್ಗದಲ್ಲಿಯೇ ದಿನವಿಡೀ ಸಾಗುತ್ತದೆ. ಹೀಗೆ ಚರ್ಮದ ಉರಿಯು ತಗ್ಗುತ್ತದೆ, ಯಕೃತ್ತಿನ ಹೊರೆಯು ಹೆಚ್ಚುತ್ತದೆ.

1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯು ಇದನ್ನು ಸ್ಪಷ್ಟಪಡಿಸಿತು. ಪ್ರಮಾಣವನ್ನು 500 ಮಿಲಿಗ್ರಾಂನಿಂದ 3000ದವರೆಗೆ ಕ್ರಮವಾಗಿ ಏರಿಸಿದಾಗ, ನಿಧಾನ ಬಗೆಯನ್ನು ಸೇವಿಸಿದ 23 ಮಂದಿಯಲ್ಲಿ 12 ಮಂದಿಗೆ ಯಕೃತ್ತಿನ ವಿಷಲಕ್ಷಣಗಳು ಕಂಡುಬಂದವು. ಸಾಮಾನ್ಯ ಬಗೆಯ 23 ಮಂದಿಯಲ್ಲಿ ಒಬ್ಬರಿಗೂ ಕಾಣಲಿಲ್ಲ.

ಲಾಭವಾದರೂ ನಿಶ್ಚಿತವೇ? ಸ್ಟಾಟಿನ್ ಔಷಧದೊಡನೆ ನಯಾಸಿನ್ ಕೊಟ್ಟ ಒಂದು ದೊಡ್ಡ ಪರೀಕ್ಷೆಯನ್ನು 2011ರಲ್ಲಿ ಪ್ರಯೋಜನ ಕಾಣದೆ ನಿಲ್ಲಿಸಲಾಯಿತು. 25,673 ಜನರನ್ನೊಳಗೊಂಡು 2014ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ನಯಾಸಿನ್ನಿನ ಜೊತೆಗೆ ಕೆಂಪೇರುವಿಕೆಯನ್ನು ತಡೆಯುವ ಮದ್ದನ್ನೂ ಕೊಡಲಾಗಿತ್ತು. ಅಲ್ಲಿಯೂ ಹೃದಯಾಘಾತಾದಿಗಳು ಗಮನಾರ್ಹವಾಗಿ ತಗ್ಗಲಿಲ್ಲ; ಮಧುಮೇಹವೇ ಮೊದಲಾದ ತೊಂದರೆಗಳು ಹೆಚ್ಚಿದವು.

ಆದಕಾರಣ ಆಹಾರಪೂರಕವೆಂಬ ಹೆಸರನ್ನು ನಂಬಿ ಇಂಥ ಗುಳಿಗೆಗಳನ್ನು ಸ್ವೇಚ್ಛೆಯಿಂದ ಸೇವಿಸುವುದು ತರವಲ್ಲ. ಸಾಮಾನ್ಯ ಬಗೆಯ ಬದಲಾಗಿ ನಿಧಾನ ಬಗೆಯನ್ನು ಅದೇ ಪ್ರಮಾಣದಲ್ಲಿ ತೆಗೆದುಕೊಳ್ಳುವುದಂತೂ ಅಪಾಯಕರ. ವೈದ್ಯರು ವಿಧಿಸಿದ್ದಾದರೆ ಯಕೃತ್ತಿನ ಕಿಣ್ವಗಳನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು. ಮುಖದ ಉರಿಯನ್ನು ಸೇವಿಸಿದವನು ಕೂಡಲೇ ಅರಿಯುತ್ತಾನೆ. ಯಕೃತ್ತಿನ ಹಾನಿಯಾದರೋ ಬಹುಕಾಲ ಮೌನವಾಗಿಯೇ ಇರಬಲ್ಲುದು.