ಫೆಸೆಂಟ್ ಸಾಕುವವರ ಖುಷಿ ಎಲ್ಲಿದೆ?

ಅಂಗಳದಲ್ಲಿ ಕೋಳಿ ಸಾಕಿದವರನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಮೊಟ್ಟೆ ಇದೆ, ಸಾರಿದೆ, ಸಂತೆಗೆ ಒಯ್ದರೆ ನಾಲ್ಕು ಕಾಸಿದೆ. ಆದರೆ ಇಂಗ್ಲೆಂಡಿನಂಥ ದೇಶಗಳಲ್ಲಿ ಹಿತ್ತಲಿಗೆ ಬಲೆ ಕಟ್ಟಿ, ಗೋಲ್ಡನ್ ಫೆಸೆಂಟ್ ಎಂಬ ಬಣ್ಣದ ಹಕ್ಕಿಯ ಒಂದು ಜೋಡಿ ಬಿಟ್ಟುಕೊಂಡು, ಕೆಲಸಕ್ಕೆ ಹೊರಡುವ ಮೊದಲು ಹತ್ತು ನಿಮಿಷ ಅವುಗಳ ಮುಂದೆ ಸುಮ್ಮನೆ ನಿಲ್ಲುವವರಿದ್ದಾರೆ. ಅವರಿಗೆ ಏನು ಸಿಗುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಥಟ್ಟನೆ ಬರುವ ಉತ್ತರಗಳಲ್ಲಿ ಹೆಚ್ಚಿನವು ತಪ್ಪು.

ತಪ್ಪು ಕಲ್ಪನೆ: ಫೆಸೆಂಟ್ ಪರದೇಶದ ಹಕ್ಕಿ, ನಮಗೂ ಅದಕ್ಕೂ ನಂಟಿಲ್ಲ.

ಸತ್ಯ: ಹೊಲದ ಬದುವಿನಲ್ಲಿ ಕೇಕೆ ಹಾಕುವ ನವಿಲು, ಮಲೆನಾಡಿನ ರಸ್ತೆ ದಾಟಿ ಪೊದೆಗೆ ನುಗ್ಗುವ ಬೂದು ಕಾಡುಕೋಳಿ, ಎರಡೂ ಫೆಸೆಂಟ್ ಕುಟುಂಬದವೇ. ಹಿಮಾಲಯದಲ್ಲಿ ಮೋನಾಲ್, ಟ್ರಾಗೋಪಾನ್, ಚೀರ್ ಎಂಬ ಅದೇ ಕುಟುಂಬದ ಹಕ್ಕಿಗಳಿವೆ. ಫೆಸೆಂಟ್ ಎಂಬ ಹೆಸರು ಮಾತ್ರ ದೂರದ್ದು. ಇಂದಿನ ಜಾರ್ಜಿಯಾ ದೇಶದ ರಿಯೋನಿ ನದಿಯನ್ನು ಗ್ರೀಕರು ಫಾಸಿಸ್ ಎಂದು ಕರೆಯುತ್ತಿದ್ದರು, ಅದರ ದಡದ ಹಕ್ಕಿ ಎಂಬ ಅರ್ಥದಲ್ಲಿ ಆ ಹೆಸರು ಬಂದದ್ದು.

ತಪ್ಪು ಕಲ್ಪನೆ: ಸಾಕುವುದೆಲ್ಲ ಬೇಟೆಗೆ, ಇಲ್ಲವೇ ಮಾಂಸಕ್ಕೆ.

ಸತ್ಯ: ಬ್ರಿಟನ್ನಿನಲ್ಲಿ ಪ್ರತಿವರ್ಷ ಮೂರು ಕೋಟಿಗೂ ಹೆಚ್ಚು ಸಾಕಿದ ಫೆಸೆಂಟ್‌ಗಳನ್ನು ಗುಂಡಿನ ಬೇಟೆಗೆಂದೇ ಹೊರಬಿಡುತ್ತಾರೆ, ಅದು ನಿಜ. ಆದರೆ ಅದು ದೊಡ್ಡ ಜಮೀನುಗಳ ವ್ಯವಹಾರ. ಅಲ್ಲಿರುವುದು ಬಹುತೇಕ ಕೊರಳಲ್ಲಿ ಬಿಳಿ ಪಟ್ಟಿಯ ಒಂದೇ ಜಾತಿ. ಹಿತ್ತಲಲ್ಲಿ ಗೋಲ್ಡನ್, ಸಿಲ್ವರ್ ಫೆಸೆಂಟ್ ಸಾಕುವವರು ಬೇರೆಯೇ ಜನ. ಅವರು ತಮ್ಮ ಹಕ್ಕಿಯನ್ನು ತಿನ್ನುವುದಿರಲಿ, ಉದುರಿದ ಗರಿಯನ್ನೂ ಎತ್ತಿಡುತ್ತಾರೆ.

ತಪ್ಪು ಕಲ್ಪನೆ: ಬಣ್ಣದ ಹಕ್ಕಿ ತಂದರಾಯಿತು, ಅಂದಿನಿಂದಲೇ ಕಣ್ಣಿಗೆ ಹಬ್ಬ.

ಸತ್ಯ: ಮರಿಯಿಂದ ಸಾಕಿದವರು ಹಬ್ಬಕ್ಕೆ ಕಾಯಬೇಕು. ಗೋಲ್ಡನ್ ಫೆಸೆಂಟಿನ ಮೊಟ್ಟೆಗೆ 22-23 ದಿನ ಕಾವು. ಹೊರಬಂದ ಮರಿ ಗುಬ್ಬಿಯಷ್ಟೇ ಮಬ್ಬು ಬಣ್ಣದ್ದು. ಮೊದಲ ವರ್ಷ ಗಂಡೂ ಬಹುಮಟ್ಟಿಗೆ ಹೆಣ್ಣಿನಂತೆಯೇ ಕಂದು ಕಂದಾಗಿ ಓಡಾಡಿಕೊಂಡಿರುತ್ತದೆ. ಅಲ್ಲೊಂದು ಇಲ್ಲೊಂದು ಕೆಂಪು ಗರಿ ಇಣುಕುತ್ತದೆ, ಅಷ್ಟೆ. ಎರಡನೇ ವರ್ಷದಲ್ಲಿ ನೆತ್ತಿಗೆ ಹೊಂಬಣ್ಣದ ಜುಟ್ಟು, ಕುಂಕುಮದಂಥ ಹೊಟ್ಟೆ, ಕತ್ತಿಗೆ ಕಪ್ಪು ಗೆರೆಯ ಕಿತ್ತಳೆ ಶಾಲು ಬರುತ್ತವೆ. ಕೊಕ್ಕಿನಿಂದ ಬಾಲದ ತುದಿವರೆಗೆ ಸುಮಾರು ಒಂದು ಮೀಟರ್, ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಬಾಲವೇ.

ಆ ವಸಂತದಲ್ಲಿ ಒಮ್ಮೆ ಬಲೆಯ ಹತ್ತಿರ ನಿಂತು ನೋಡಬೇಕು. ಗಂಡು ಹೆಣ್ಣಿನ ಸುತ್ತ ಓಡಿ, ಎದುರು ಬಂದು ಥಟ್ಟನೆ ನಿಲ್ಲುತ್ತದೆ. ಕತ್ತಿನ ಶಾಲು ಬೀಸಣಿಗೆಯಂತೆ ಬಿಚ್ಚಿ ಹೆಣ್ಣಿರುವ ಕಡೆಗೇ ಹೊರಳುತ್ತದೆ, ಕೊಕ್ಕು ಮುಚ್ಚಿಹೋಗುತ್ತದೆ. ಗೆರೆಗಳ ಮೇಲಿಂದ ಹಳದಿ ಕಣ್ಣೊಂದು ಮಾತ್ರ ಮಿನುಗುತ್ತದೆ. ಸಣ್ಣಗೆ ಬುಸ್ಸೆಂಬ ಸದ್ದು. ಹೆಣ್ಣು ಅತ್ತ ತಿರುಗಿದರೆ ಶಾಲೂ ಅತ್ತ. ಎರಡು ವರ್ಷ ಕಾಳು ಹಾಕಿ, ನೀರಿಟ್ಟು, ಗೂಡು ಬಳಿದವರಿಗೆ ಸಲ್ಲುವ ಕೂಲಿ ಇದು.

ತಪ್ಪು ಕಲ್ಪನೆ: ಕೋಳಿಯ ಜೊತೆ ಬಿಟ್ಟರೆ ಬೆಳೆದುಕೊಳ್ಳುತ್ತದೆ.

ಸತ್ಯ: ಕೋಳಿ ಸಂಜೆಯಾದರೆ ಗೂಡಿಗೆ ಬರುತ್ತದೆ, ಫೆಸೆಂಟ್ ಬಿಟ್ಟರೆ ಹೋಯಿತು. ಬೆದರಿದರೆ ನೆಟ್ಟಗೆ ಮೇಲಕ್ಕೆ ಚಿಮ್ಮಿ ತಲೆ ಒಡೆದುಕೊಳ್ಳುತ್ತದೆ, ಹಾಗಾಗಿ ಚಾವಣಿಗೆ ತಂತಿಯ ಬದಲು ಮೆತ್ತನೆಯ ಬಲೆ ಬೇಕು. ಮರಿಗಳಿಗೆ ಮೊದಲ ವಾರಗಳಲ್ಲಿ ಶೇ 26ರಿಂದ 30ರಷ್ಟು ಪ್ರೋಟೀನ್ ಇರುವ ಆಹಾರ ಬೇಕು. ಬರೀ ನುಚ್ಚು ಸಾಲದು. ಗೋಲ್ಡನ್ ಜಾತಿಗೆ ನೆರಳೂ ಬೇಕು, ಬಿಸಿಲಿಗೆ ಗರಿಯ ಬಣ್ಣ ಮಂಕಾಗುತ್ತದೆ. ಕೋಳಿ ತಿರುಗಾಡಿದ ನೆಲದಲ್ಲಿ ಜಂತುಹುಳುವಿನ ಮೊಟ್ಟೆಯ ಮೂಲಕ ಹರಡುವ ಬ್ಲ್ಯಾಕ್‌ಹೆಡ್ ರೋಗ ಕೋಳಿಯನ್ನು ಅಷ್ಟಾಗಿ ಬಾಧಿಸದಿದ್ದರೂ ಫೆಸೆಂಟನ್ನು ಕೊಲ್ಲಬಲ್ಲದು.

ತಪ್ಪು ಕಲ್ಪನೆ: ಎರಡು ಚೆಂದದ ಜಾತಿ ಬೆರೆಸಿದರೆ ಇನ್ನೂ ಚೆಂದ.

ಸತ್ಯ: ಗೋಲ್ಡನ್ ಫೆಸೆಂಟಿಗೂ ಲೇಡಿ ಆಮ್ಹರ್ಸ್ಟ್ ಫೆಸೆಂಟಿಗೂ ಸುಲಭವಾಗಿ ಮರಿಯಾಗುತ್ತದೆ, ಆ ಮರಿಗಳಿಗೂ ಮರಿಯಾಗುತ್ತದೆ. ಕಷ್ಟ ಇರುವುದೇ ಅಲ್ಲಿ. ಬಂಗಾಳದ ಗವರ್ನರ್ ಜನರಲ್ ಆಗಿದ್ದ ಆಮ್ಹರ್ಸ್ಟ್ ಅವರ ಪತ್ನಿ ಸಾರಾ 1828ರಲ್ಲಿ ಲಂಡನ್ನಿಗೆ ತಲುಪಿಸಿದ್ದರಿಂದ ಆ ಹೆಸರು ಪಡೆದ ಈ ಹಕ್ಕಿಯ ಶುದ್ಧ ತಳಿಯನ್ನು ಇಂದು ಹುಡುಕಿ ತರಬೇಕಾಗಿದೆ. ಬಲ್ಲವರು ಬೆರಕೆಯನ್ನು ಮುಂದುವರಿಸುವುದಿಲ್ಲ. ಯಾವ ಮರಿ ಯಾವ ಜೋಡಿಯದು ಎಂದು ಕಾಲಿಗೆ ಉಂಗುರ ತೊಡಿಸಿ ಬರೆದಿಡುತ್ತಾರೆ.

ತಪ್ಪು ಕಲ್ಪನೆ: ಗೂಡಿನ ಹಕ್ಕಿಯಿಂದ ಕಾಡಿಗೇನೂ ಬಾರದು.

ಸತ್ಯ: ವಿಯೆಟ್ನಾಮಿನ ಎಡ್ವರ್ಡ್ಸ್ ಫೆಸೆಂಟ್ ಕಾಡಿನಲ್ಲಿ ಖಚಿತವಾಗಿ ಕಂಡದ್ದು 2000ದಲ್ಲೇ ಕೊನೆ. 1920ರ ದಶಕದಲ್ಲಿ ಫ್ರಾನ್ಸಿನ ಪಕ್ಷಿತಜ್ಞ ಜ್ಯಾನ್ ಡೆಲಕೂರ್ ತಮ್ಮ ಕ್ಲೇರ್ ಪಕ್ಷಿಧಾಮಕ್ಕೆ ತರಿಸಿ ಮರಿ ಮಾಡಿಸಿದ್ದರಿಂದ, ಆಮೇಲೆ ಹಲವು ದೇಶಗಳ ಸಾಕಣೆದಾರರು ಆ ವಂಶವನ್ನು ಕಾಪಾಡಿದ್ದರಿಂದ ಅದು ಇಂದಿಗೂ ಜೀವಂತವಾಗಿದೆ. ಹಿಮಾಚಲದ ಸರಾಹನ್‌ನಲ್ಲಿ ಅಲ್ಲಿನ ರಾಜ್ಯಪಕ್ಷಿ ವೆಸ್ಟರ್ನ್ ಟ್ರಾಗೋಪಾನನ್ನು ಸಂತಾನಾಭಿವೃದ್ಧಿಗೆಂದೇ ಸಾಕುತ್ತಿದ್ದಾರೆ. ಆದರೂ ಕಾಡು ಉಳಿಯದಿದ್ದರೆ ಗೂಡಿನ ಬಾಗಿಲು ತೆರೆದು ಬಿಡುವುದಾದರೂ ಎಲ್ಲಿಗೆ?

ತಪ್ಪು ಕಲ್ಪನೆ: ಹೊಲದಲ್ಲಿ ಸಿಕ್ಕ ನವಿಲಿನ ಮೊಟ್ಟೆಯನ್ನು ಕಾವು ಕೂತ ಕೋಳಿಗೆ ಇಟ್ಟರೆ ಪುಣ್ಯದ ಕೆಲಸ.

ಸತ್ಯ: ಅದು ಅಪರಾಧ. ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಮೊಟ್ಟೆ ಎತ್ತುವುದನ್ನೂ ನಿಷೇಧಿಸುತ್ತದೆ. ಕಾಡುಕೋಳಿಗೂ ಇದೇ ಮಾತು. ವಿದೇಶಿ ಜಾತಿ ಸಾಕಬೇಕೆನ್ನುವವರೂ ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು.

ಹಾಗಾಗಿ ನಮ್ಮ ಊರಿನವರಿಗೆ ಈ ಖುಷಿಯ ದಾರಿ ಬೇರೆ. ಮೊಟ್ಟೆಯನ್ನು ಇದ್ದಲ್ಲೇ ಬಿಟ್ಟು, ಬದುವಿನ ಆ ಪೊದೆಯನ್ನು ಸವರದೆ, ಸುಗ್ಗಿ ಕಳೆದರೂ ಬೆಂಕಿ ಹಾಕದೆ ಉಳಿಸಿಕೊಳ್ಳಬೇಕು. ನವಿಲಿಗೂ ಬಾಲದ ಪೂರ್ತಿ ಗರಿ ಬರಲು ವರ್ಷಗಳೇ ಬೇಕು. ಮುಂಗಾರಿನ ಮೋಡ ಕವಿದ ಒಂದು ಸಂಜೆ ಅದು ಗರಿ ಬಿಚ್ಚುವವರೆಗೆ ಕಾದವರಿಗೆ, ಹಿತ್ತಲಿನ ಬಲೆಯ ಮುಂದೆ ನಿಂತವರ ಸಂತೋಷ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.