ಕೈಯಲ್ಲಿ ಮೊಬೈಲ್ ಇದ್ದರೆ ಬಡತನ ಹೋಯಿತೇ?

"ಈಗೆಲ್ಲಿದೆ ಸ್ವಾಮಿ ಬಡತನ? ಕೂಲಿಗೆ ಬರೋನ ಜೇಬಲ್ಲೂ ಟಚ್ ಸ್ಕ್ರೀನ್ ಫೋನು!"

ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಆಡುವವರು ಕೆಟ್ಟವರೇನಲ್ಲ, ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ಆದರೆ ಬಡತನವನ್ನು ಅಳೆಯುವವರು ಫೋನನ್ನು ಮರೆತಿಲ್ಲ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ ಅದಕ್ಕೂ ಜಾಗವಿದೆ. ರೇಡಿಯೊ, ಟಿವಿ, ಫೋನ್, ಕಂಪ್ಯೂಟರ್, ಎತ್ತಿನ ಗಾಡಿ, ಸೈಕಲ್, ಬೈಕ್, ಫ್ರಿಜ್ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇಲ್ಲದೆ, ಕಾರು ಲಾರಿಯೂ ಇಲ್ಲದಿದ್ದರೆ ಆ ಮನೆಗೆ ಆಸ್ತಿಯಿಲ್ಲ ಎಂದೇ ಲೆಕ್ಕ. ಬರೀ ಫೋನು ಸಾಲದು. ಅದೂ 12 ಸೂಚಕಗಳಲ್ಲಿ ಆಸ್ತಿ ಎಂಬುದು ಒಂದು ಮಾತ್ರ, ಅದರ ತೂಕ 21ರಲ್ಲಿ ಒಂದು ಪಾಲು. ಅಡುಗೆಗೆ ಏನು ಉರಿಸುತ್ತಾರೆ, ಶೌಚಾಲಯ ಇದೆಯೇ, ಮಕ್ಕಳು ಶಾಲೆಗೆ ಹೋಗುತ್ತಾರೆಯೇ, ಮೈಗೆ ಪೌಷ್ಟಿಕಾಂಶ ಸಿಗುತ್ತಿದೆಯೇ ಎಂಬುದೆಲ್ಲ ಉಳಿದ ಲೆಕ್ಕ.

ಈ ಲೆಕ್ಕದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಸುದ್ದಿಯೇ ಇದೆ. 2015-16ರಲ್ಲಿ ಶೇ 12.77 ಇದ್ದ ಬಡವರ ಪ್ರಮಾಣ 2019-21ಕ್ಕೆ ಶೇ 7.58ಕ್ಕೆ ಇಳಿಯಿತು. ನೂರಕ್ಕೆ ಎಂಟು ಜನವೂ ಇಲ್ಲ. "ನೋಡಿ, ನಾವು ಹೇಳಲಿಲ್ಲವೇ" ಎನ್ನಬಹುದು. ಸ್ವಲ್ಪ ತಾಳಿ. ಆ ಲೆಕ್ಕಕ್ಕೆ ಅಂಕಿ ಒದಗಿಸಿದ್ದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಐದನೇ ಸುತ್ತಿನ ವರದಿಯಲ್ಲೇ ಇನ್ನೊಂದು ಪುಟ ತೆರೆದರೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ.

ಬಡವರು ನೂರಕ್ಕೆ ಎಂಟು, ಬೆಳೆಯದ ಮಕ್ಕಳು ನೂರಕ್ಕೆ ಮೂವತ್ತೈದು. ಎರಡೂ ನಿಜ. ಗುಟ್ಟು ಇರುವುದು ತೂಕದಲ್ಲಿ. ಒಂದು ಮನೆಯನ್ನು ಬಡವರ ಪಟ್ಟಿಗೆ ಸೇರಿಸಬೇಕಾದರೆ ಅದರ ಕೊರತೆಗಳ ಮೊತ್ತ ಮೂರನೇ ಒಂದು ಪಾಲು ಮುಟ್ಟಬೇಕು. ಪೌಷ್ಟಿಕತೆಯ ಕೊರತೆಗೆ ಇರುವ ತೂಕ ಆರನೇ ಒಂದು ಪಾಲು. ಮನೆಯಲ್ಲಿ ಗ್ಯಾಸ್ ಇದೆ, ಕರೆಂಟ್ ಇದೆ, ಶೌಚಾಲಯ ಇದೆ, ಬ್ಯಾಂಕ್ ಖಾತೆ ಇದೆ, ಮಗು ಮಾತ್ರ ಬೆಳೆದಿಲ್ಲ ಎಂದರೆ ಆ ಮನೆ ಬಡ ಮನೆಯಲ್ಲ. ಸೂಚ್ಯಂಕ ಸುಳ್ಳು ಹೇಳುತ್ತಿಲ್ಲ. ಅದು ಮನೆಯನ್ನು ಅಳೆಯುತ್ತದೆ, ನಾವು ಅದನ್ನು ಮಗುವಿನ ಲೆಕ್ಕ ಎಂದು ಓದಿಕೊಳ್ಳುತ್ತೇವೆ.

ಹಳೆಯ ಬಡತನ ರೇಖೆಯದೂ ಇದೇ ಕತೆ. 2011-12ಕ್ಕೆ ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ ಇಡೀ ದೇಶಕ್ಕೆ ಇಟ್ಟ ರೇಖೆ ಹಳ್ಳಿಗೆ ತಲೆಗೆ ತಿಂಗಳಿಗೆ 816 ರೂಪಾಯಿ, ಪಟ್ಟಣಕ್ಕೆ 1,000 ರೂಪಾಯಿ. ಮನೆಯ ಒಟ್ಟು ಖರ್ಚನ್ನು ತಲೆಗಳಿಂದ ಭಾಗಿಸಿದರೆ ಮುಗಿಯಿತು. ಅಜ್ಜನಿಗೆಷ್ಟು, ಸೊಸೆಗೆಷ್ಟು, ಎರಡು ವರ್ಷದ ಹೆಣ್ಣುಮಗುವಿಗೆಷ್ಟು ಎಂದು ಭಾಗಾಕಾರ ಕೇಳುವುದಿಲ್ಲ. ಸಾರಿನ ಪಾತ್ರೆಯಿಂದ ಗಟ್ಟಿ ಬೇಳೆ ಮೊದಲು ಯಾರ ತಟ್ಟೆಗೆ ಹೋಗುತ್ತದೆ, ತಿಳಿ ಯಾರಿಗೆ ಉಳಿಯುತ್ತದೆ ಎಂಬುದು ಬಡಿಸುವವರಿಗಷ್ಟೇ ಗೊತ್ತು.

"ಎತ್ತರ ಬಿಡಿ, ನಮ್ಮ ವಂಶವೇ ಗಿಡ್ಡ." ಇದು ಓದಿದವರ ಬಾಯಲ್ಲೂ ಬರುವ ಮಾತು. 1997ರಿಂದ 2003ರವರೆಗೆ ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳಲ್ಲಿ ಮಕ್ಕಳ ಬೆಳವಣಿಗೆ ಅಳೆಯಿತು: ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ. ಭಾರತದಿಂದ ಆರಿಸಿದ್ದು ದಕ್ಷಿಣ ದೆಹಲಿಯ ಮಕ್ಕಳನ್ನು, ಎದೆಹಾಲು, ಆರೈಕೆ, ಔಷಧಿ ಯಾವುದಕ್ಕೂ ಕೊರತೆಯಿಲ್ಲದ ಮನೆಗಳವರನ್ನು. ಐದು ವರ್ಷದವರೆಗೆ ಆ ಮಕ್ಕಳು ನಾರ್ವೆಯ ಮಕ್ಕಳ ಹಾಗೆಯೇ ಬೆಳೆದರು. ಇಂದು ನಮ್ಮ ಅಂಗನವಾಡಿಗಳು ಬಳಸುವ ಬೆಳವಣಿಗೆಯ ಚಾರ್ಟ್ ಹುಟ್ಟಿದ್ದು ಆ ಅಧ್ಯಯನದಿಂದ. ಅಪ್ಪ ಅಮ್ಮನ ಎತ್ತರಕ್ಕೆ ಪಾತ್ರವೇ ಇಲ್ಲವೆಂದಲ್ಲ. ಆದರೆ ಒಂದು ರಾಜ್ಯದ ಮೂರನೇ ಒಂದು ಪಾಲು ಮಕ್ಕಳು ಗಿಡ್ಡ ಎಂದಾಗ ವಂಶದ ಮಾತು ಎತ್ತುವುದು ನುಣುಚಿಕೊಳ್ಳುವ ದಾರಿ.

ಹಾಗೆಂದು ಎಲ್ಲವೂ ದುಡ್ಡಿನ ಮಾತೂ ಅಲ್ಲ. ಅದೇ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ ಅತಿ ಬಡ ಐದನೇ ಒಂದು ಭಾಗದ ಮನೆಗಳಲ್ಲಿ ಬೆಳವಣಿಗೆ ಕುಂಠಿತವಾದ ಮಕ್ಕಳು ಶೇ 46. ಅತಿ ಸಿರಿವಂತ ಐದನೇ ಒಂದು ಭಾಗದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ, ಶೇ 23ರಷ್ಟು. ಇಳಿಯುತ್ತದೆ, ಆದರೆ ಹೋಗುವುದಿಲ್ಲ. ಆರು ತಿಂಗಳಿನಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರ ಸಿಗುತ್ತಿದ್ದದ್ದು ಇಡೀ ದೇಶದಲ್ಲಿ ಶೇ 11ರಷ್ಟು ಮಕ್ಕಳಿಗೆ ಮಾತ್ರ. ಅನುಕೂಲಸ್ಥರ ಮನೆಯಲ್ಲೂ ಎಂಟು ತಿಂಗಳ ಕೂಸಿನ ಕೈಗೆ ಬಿಸ್ಕೆಟ್ ಹೋಗುತ್ತದೆ, ಮೊಟ್ಟೆ ಹೋಗುವುದಿಲ್ಲ.

ಇನ್ನು ಎಲ್ಲರಿಗೂ ಪ್ರಿಯವಾದ ಮಾತು: "ಬಡವರ ಕೈಗೆ ದುಡ್ಡು ಕೊಟ್ಟರೆ ಸಾರಾಯಿ ಅಂಗಡಿಗೆ ಹೋಗುತ್ತೆ." (ಕರ್ನಾಟಕದಲ್ಲಿ ಸಾರಾಯಿ 2007ರಲ್ಲೇ ನಿಷೇಧವಾಯಿತು, ಮಾತು ಮಾತ್ರ ಇನ್ನೂ ಚಲಾವಣೆಯಲ್ಲಿದೆ.) ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ಶುರುವಾದ 2023ರಲ್ಲೂ ಇದು ಕೇಳಿಬಂತು. ಇದನ್ನು ಬರೀ ವಾದಕ್ಕೆ ಬಿಡದೆ ಪರೀಕ್ಷಿಸಿದವರಿದ್ದಾರೆ. 2011ರಲ್ಲಿ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ 'ಸೇವಾ' (SEWA) ಎಂಬ ಮಹಿಳಾ ಸಂಘಟನೆ ಯುನಿಸೆಫ್ ನೆರವಿನೊಂದಿಗೆ ಪ್ರತಿಯೊಬ್ಬ ವಯಸ್ಕರಿಗೂ ತಿಂಗಳಿಗೆ 200 ರೂಪಾಯಿ, ಪ್ರತಿ ಮಗುವಿಗೆ 100 ರೂಪಾಯಿ ಕೊಟ್ಟಿತು. ಮಗುವಿನ ದುಡ್ಡು ತಾಯಿಯ ಕೈಗೆ. ಒಂದು ವರ್ಷದ ನಂತರ ಅದನ್ನು 300 ಮತ್ತು 150 ಮಾಡಿತು. ಯಾವ ಷರತ್ತೂ ಇರಲಿಲ್ಲ. ದುಡ್ಡು ಸಿಗದ ಹಳ್ಳಿಗಳೊಂದಿಗೆ ಹೋಲಿಸಿ ನೋಡಿದರೆ ಕುಡಿತ ಹೆಚ್ಚಿರಲಿಲ್ಲ. ಮಕ್ಕಳ ತೂಕ ಸುಧಾರಿಸಿತ್ತು, ಅದರಲ್ಲೂ ಹೆಣ್ಣುಮಕ್ಕಳದು. ಹೊರದೇಶಗಳ ಇಂಥ 19 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಅವರೂ ಹೇಳಿದ್ದು ಇಷ್ಟೇ: ಹೆಂಡ ತಂಬಾಕಿನ ಖರ್ಚು ಹೆಚ್ಚುವುದಿಲ್ಲ, ಕೆಲವೆಡೆ ಇಳಿಯುತ್ತದೆ. ಕುಡುಕ ಅಪ್ಪಂದಿರು ಇಲ್ಲವೆಂದು ಯಾರೂ ಹೇಳುತ್ತಿಲ್ಲ. ಅವರು ಕುಡಿಯಲು ಸರ್ಕಾರದ ಹಣಕ್ಕೆ ಕಾಯುತ್ತಿರಲಿಲ್ಲ.

"ಬಡವರು ಯಾವಾಗಲೂ ಬಡವರೇ" ಎನ್ನುವುದೂ ತಪ್ಪು. ಅನಿರುದ್ಧ್ ಕೃಷ್ಣ ಎಂಬ ಸಂಶೋಧಕರು ರಾಜಸ್ಥಾನ, ಗುಜರಾತ್, ಆಂಧ್ರದ ಹಳ್ಳಿಗಳಲ್ಲಿ ಮನೆಮನೆಯ ಹಿಂದಿನ ಕತೆ ಕೇಳಿದರು. ಒಂದಷ್ಟು ಮನೆಗಳು ಬಡತನದಿಂದ ಮೇಲೆ ಬರುತ್ತಿದ್ದವು, ಅದೇ ಊರಿನ ಬೇರೆ ಒಂದಷ್ಟು ಒಳಗೆ ಜಾರುತ್ತಿದ್ದವು. ಜಾರಿದ್ದಕ್ಕೆ ಸೋಮಾರಿತನ, ಕುಡಿತ ಕಾರಣವಾದದ್ದು ಅಪರೂಪ. ಮುಂದೆ ನಿಂತದ್ದು ಕಾಯಿಲೆ ಮತ್ತು ಆಸ್ಪತ್ರೆಯ ಬಿಲ್ಲು. ಅಪ್ಪನ ಕಾಲಿಗೆ ರಾಡ್ ಹಾಕಿಸಿದ ವರ್ಷ ಮಗಳ ಶಾಲೆ ನಿಲ್ಲುವುದನ್ನು ನೋಡದ ಊರು ನಮ್ಮಲ್ಲಿ ಯಾವುದಿದೆ?

ಶಾಲೆಯ ಮಾತು ಬಂದಾಗ "ಅವರಿಗೇ ಓದಿಸಲು ಇಷ್ಟವಿಲ್ಲ" ಎನ್ನುವವರು ಶಾಂತಾ ಸಿನ್ಹಾ ಅವರ ಕೆಲಸವನ್ನು ನೆನೆಯಬೇಕು. ಈಗಿನ ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯಲ್ಲಿ ಅವರ ಸಂಸ್ಥೆ ದುಡಿಯುತ್ತಿದ್ದ ಮಕ್ಕಳನ್ನು ಶಿಬಿರಕ್ಕೆ ಕರೆತಂದು, ಓದು ಕಲಿಸಿ, ಶಾಲೆಗೆ ಸೇರಿಸಿತು. ಕೂಲಿ ತಪ್ಪಿದರೂ ತಂದೆತಾಯಿ ಕಳಿಸಿದರು. ಅಡ್ಡ ನಿಂತಿದ್ದು ವಯಸ್ಸು ಮೀರಿದ ಮಗುವನ್ನು ಸೇರಿಸಿಕೊಳ್ಳಲು ಒಲ್ಲದ ಶಾಲೆ. ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಯಾದಗಿರಿ, ರಾಯಚೂರಿನಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಬರುವ ಮನೆಗಳಲ್ಲೂ ಮಗು ಶಾಲೆ ಬಿಡುವುದು ಮನಸ್ಸಿಲ್ಲದೆ ಅಲ್ಲ. ಊರಲ್ಲಿ ಬಿಟ್ಟುಬರಲು ಜನ ಇರುವುದಿಲ್ಲ. ತಮ್ಮನನ್ನು ಎತ್ತಿಕೊಳ್ಳಲು ಅಕ್ಕ ಬೇಕು. ಊರಲ್ಲೇ ದುಡಿಯುವವರ ಪಾಡೂ ಇದೇ. ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗೆಂದು ತೆರೆದ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ನೋಡಲು ಸಣ್ಣ ಯೋಜನೆ. ಅದು ಚೆನ್ನಾಗಿ ನಡೆದ ಕಡೆ ಆ ಅಕ್ಕನ ಕಂಕುಳು ಖಾಲಿಯಾಗುತ್ತದೆ.

"ಸಾಲು ಸಾಲು ಮಕ್ಕಳನ್ನು ಹೆರುತ್ತಾರೆ" ಎಂಬುದಕ್ಕೆ ಒಂದೇ ಅಂಕಿ ಸಾಕು: ಅದೇ ಐದನೇ ಸುತ್ತಿನ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು.

ಮುಂದಿನ ಸಲ ನಿಮ್ಮೂರಿನ ಅಂಗನವಾಡಿಗೆ ಹೋದರೆ ಮಕ್ಕಳನ್ನು ಅಳೆಯುವ ಹಲಗೆ ತೋರಿಸಲು ಕೇಳಿ. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿ ಅಳೆಯಬೇಕು, ಅದಕ್ಕಿಂತ ದೊಡ್ಡವರನ್ನು ನಿಲ್ಲಿಸಿ. ಮಗು ಕಾಲು ಝಾಡಿಸುತ್ತದೆ, ಅಳುತ್ತದೆ, ಅಳತೆಗೆ ಇಬ್ಬರು ಬೇಕು. ಅದಕ್ಕೇ ತೂಕ ಬರೆದು ಎತ್ತರದ ಜಾಗವನ್ನು ಅಂದಾಜಿನಲ್ಲಿ ತುಂಬಿಬಿಡುವ ಅಪಾಯವಿದೆ. ನಿಮ್ಮ ಮನೆಯ ಮಗುವಿದ್ದರೆ ಪಕ್ಕದಲ್ಲಿ ನಿಂತು ಎತ್ತರವನ್ನೂ ಅಳೆಸಿ, ಬರೆಸಿ.